ಶಿಡ್ಲಘಟ್ಟದ ಜಗಲಿ

"ನೀನು ಬಿ.ಎ. ಮಾಡೋದು ಆಗೋ ಮಾತಲ್ಲ ಕಣೋ, ನಮ್ಮೋರಲ್ಲಿ ಹೈಸ್ಕೂಲೇ ಯಾರೂ ದಾಟಿಲ್ಲ" ಅಂದಿದ್ದವರು ಶಿಡ್ಲಘಟ್ಟದ ನನ್ನ ಸೋದರಮಾವ. ಬೆಂಗಳೂರಿನಿಂದ ಸರ್ಟಿಫಿಕೇಟು ಹಿಡಿದು ಊರಿಗೆ ಹೊರಟವನು, ಅವರಿಗೆ ತೋರಿಸಲೇಬೇಕೆಂದು ಇಲ್ಲಿ ರೈಲಿಳಿದೆ.

ಊರಿನ ಸುತ್ತ ಹಿಪ್ಪುನೇರಳೆ ತೋಟ. ಕೆರೆ ಕಡೆಗೆ ಮುಸಲ್ಮಾನರ ನೂಲು ತೆಗೆಯುವ ಮನೆಗಳು, ಮೇಲಿನ ಬೀದಿಯಲ್ಲಿ ರೇಷ್ಮೆ ಹುಳ ಸಾಕುವವರು. ಮಾವನ ಮನೆಯಿರುವ ಈ ಬೀದಿಯ ಜನರೆಲ್ಲ ಜಗಲಿಯ ಮೇಲೇ ಇದ್ದಾರೆ. ಅಡುಗೆ, ಜಗಳ, ನಿದ್ದೆ ಎಲ್ಲ ಅಲ್ಲೇ.

"ಊರಲ್ಲಿ ಎಷ್ಟು ಜನ ಇದ್ದೀರಿ ಅತ್ತೆ?" ಎಂದೆ.

"ಹುಳಾನೂ ಸೇರಿಸ್ಲಾ?" ಅಂತ ಅತ್ತೆ ನಕ್ಕರು. "ಅವು ದೊಡ್ಡವಾದ್ವು ಕಣಪ್ಪ. ಈಗ ಮನೆಯೊಳಗೆಲ್ಲ ಅವು, ಹೊರಗೆ ನಾವು."

ಹುಳಗಳಿಗೆ ಸೊಪ್ಪು ಹಾಕಿ ಮಾವ ಹೊರಗೆ ಬಂದರು. ಸರ್ಟಿಫಿಕೇಟು ಚಾಚಿದೆ. ತಗೊಳ್ಳದೆ ಹಿತ್ತಲಿಗೆ ಹೋಗಿಬಿಟ್ಟರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ, ತೊಳೆದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದು, ಎರಡೂ ಕೈ ಚಾಚಿ ಇಸಕೊಂಡರು. ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಅತ್ತೆಗೆ ಹೇಳಿದರು:

"ಲೇ, ಈವತ್ತು ಜಗಲೀಲಿ ನನ್ನ ಜಾಗ ಇವನಿಗೆ ಬಿಡು. ನಾನು ಸೊಪ್ಪಿನ ಗಾಡಿ ಮೇಲೆ ಮಲಗ್ತೀನಿ."