ಬಾಡಿಗೆ ತಾನಾಗಿಯೇ ಹೋಗುವ ಮನೆ

ನಾನು ಅಧಿಕಾರ ಚಲಾಯಿಸುತ್ತಿದ್ದುದು ತಿಂಗಳಿಗೆ ಐದೇ ನಿಮಿಷ. ಒಂದನೇ ತಾರೀಖು ಸಂಜೆ ಬಾಡಿಗೆಯ ಲಕೋಟೆ ಹಿಡಿದು ಮಾಲೀಕರ ಬಾಗಿಲು ತಟ್ಟಿದ ಕ್ಷಣದಿಂದ ಅದು ಅವರ ಕೈ ಸೇರುವ ತನಕ. ಅದನ್ನೂ ನಾನೇ ಕೈಯಾರೆ ಕಳೆದುಕೊಂಡೆ. ಬ್ಯಾಂಕಿನವನಾದ್ದರಿಂದ, ಕಳೆದುಕೊಳ್ಳುವ ಮೊದಲು ಮೂರು ಕಡೆ ರುಜು ಹಾಕಿದೆ.

ವಡೋದರಾಕ್ಕೆ ವರ್ಗವಾದಾಗ ಮಕರಪುರದ ಬಳಿ ಮೇಲಿನ ಮಹಡಿಯ ಫ್ಲ್ಯಾಟ್ ಸಿಕ್ಕಿತು. ಮಾಲೀಕರಾದ ರಸಿಕ್‌ಭಾಯ್ ಪಕ್ಕದ ಬೀದಿಯಲ್ಲೇ ಇದ್ದರು. ನಡುಮನೆಯ ಉಯ್ಯಾಲೆಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಮಂಡಿನೋವಿನ ಕಥೆ ಹೇಳುತ್ತ ತೂಗುತ್ತಿದ್ದರು. ನಾನು ಲಕೋಟೆಯನ್ನು ಜೇಬಿನಿಂದ ಅರ್ಧ ಮಾತ್ರ ಎಳೆದು, ಬಚ್ಚಲಿನ ಚಿಲಕ ಸಡಿಲವಾಗಿದೆ ಎನ್ನುತ್ತಿದ್ದೆ. ಅರ್ಧ ಹೊರಬಂದ ಲಕೋಟೆಗಿರುವ ಮರ್ಯಾದೆ ಪೂರ್ತಿ ಹೊರಬಂದದ್ದಕ್ಕೆ ಇಲ್ಲ. ಮರುದಿನವೇ ಬಡಗಿ ಬರುತ್ತಿದ್ದ.

ಇದೇನೂ ನನ್ನ ಸಂಶೋಧನೆಯಲ್ಲ. ಹಿಂದೆ ಗೇಣಿ ಕೊಡಲು ಹೋಗುವವರು ಭತ್ತದ ಜೊತೆ ಒಂದು ಕುಂಬಳಕಾಯಿಯನ್ನೂ ನಾಲ್ಕು ದೂರುಗಳನ್ನೂ ಹೊತ್ತೊಯ್ಯುತ್ತಿದ್ದರಂತೆ. ಮೊದಲು ದೂರು ಇಳಿಸುವುದು, ಆಮೇಲೆ ಮೂಟೆ. ಈ ಕ್ರಮ ತಪ್ಪಿಸಿದವನು ಕೆಟ್ಟ.

ನಾನು ಕೆಟ್ಟದ್ದು ಹೀಗೆ. ನಮ್ಮ ಶಾಖೆಗೆ ಆಟೋ ಡೆಬಿಟ್ಟಿನ ಟಾರ್ಗೆಟ್ ಬಂತು. ಕರೆಂಟಿನ ಬಿಲ್ಲು, ಸ್ಕೂಲ್ ಫೀಸು, ಬಾಡಿಗೆ ಎಲ್ಲವೂ ಖಾತೆಯಿಂದ ತಾನಾಗಿಯೇ ಹೋಗುತ್ತದೆ, ನೀವು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರಿ ಎಂದು ಬಂದವರಿಗೆಲ್ಲ ಹರಿಕಥೆ ಮಾಡುತ್ತಿದ್ದೆ. ಒಬ್ಬ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, "ನೀವು ಮಾಡಿಸಿದ್ದೀರಾ ಸಾಹೇಬ್?" ಎಂದುಬಿಟ್ಟರು. ಶಾಖೆಯ ತುಂಬ ಜನ. ಅಲ್ಲೇ ಫಾರಂ ತುಂಬಿದೆ.

ಅಂದಿನಿಂದ ನಾನು ಹಲ್ಲುಜ್ಜುವುದರೊಳಗೆ ಬಾಡಿಗೆ ಹೋಗಿರುತ್ತಿತ್ತು. ಉಯ್ಯಾಲೆಯೂ ತಪ್ಪಿತು. ಒಂದು ವರ್ಷ ಸುಖವಾಗಿದ್ದೆ. ಆಮೇಲೆ ತಾರಸಿಯ ನೀರಿನ ಪೈಪು ಒಡೆದು, ಸರಿಯಾಗಿ ನಮ್ಮ ಒಲೆಯ ಮೇಲೆ ಸೋರತೊಡಗಿತು.

"ನೋಡ್ರೀ, ನಿಮ್ಮ ಬ್ಯಾಂಕ್ ಬುದ್ಧಿ ಸಾರಿನೊಳಗೆ ತೊಟ್ಟಿಕ್ತಿದೆ," ಎಂದಳು ಹೆಂಡತಿ ಸುಮಾ.

ಫೋನ್ ಮಾಡಿದೆ. "ಥಈ ಜಶೆ," ಎಂದರು ರಸಿಕ್‌ಭಾಯ್. ಆಗುತ್ತೆ ಬಿಡಿ ಎಂದರ್ಥ. ಎರಡು ತಿಂಗಳು ಕಳೆದರೂ ಆಗಲಿಲ್ಲ. ಬಾಡಿಗೆ ಮಾತ್ರ ನಿಯತ್ತಾಗಿ ಹೋಗುತ್ತಿತ್ತು.

"ಮನೆ ಬಿಟ್ಬಿಡೋಣ. ಒಂದು ಕೈಲಿ ಛತ್ರಿ ಹಿಡ್ಕೊಂಡು ಒಗ್ಗರಣೆ ಹಾಕೋಕೆ ನನ್ನ ಕೈಲಾಗಲ್ಲ," ಎಂದಳು ಸುಮಾ. ತಮಾಷೆಯಲ್ಲ, ಖಾಲಿ ಮನೆಗಳನ್ನೂ ನೋಡಿ ಬಂದಿದ್ದಳು. ನನಗೆ ಮನೆ ಬಿಡುವ ಮನಸ್ಸಿರಲಿಲ್ಲ. ಮಗಳ ಶಾಲೆ, ಗೆಳತಿಯರು ಎಲ್ಲ ಈ ಬೀದಿಯಲ್ಲೇ ಇದ್ದರು.

ಆಟೋ ಡೆಬಿಟ್ ರದ್ದು ಮಾಡಿಸಿದೆ. ನನ್ನದೇ ಶಾಖೆಯಲ್ಲಿ, ಕಳ್ಳನ ಹಾಗೆ, ಊಟದ ವೇಳೆಯಲ್ಲಿ.

ಮೂರನೇ ತಾರೀಖು ಬೆಳಿಗ್ಗೆ ರಸಿಕ್‌ಭಾಯ್ ಮೆಟ್ಟಿಲೇರಿ ಏದುಸಿರು ಬಿಡುತ್ತ ಬಂದರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಜಗಳ ನನ್ನ ನಾಲಿಗೆ ತುದಿಯಲ್ಲಿತ್ತು. ಅವರು ನನ್ನ ಭುಜ ಹಿಡಿದು ತಮ್ಮ ಗುಜರಾತಿ ಹಿಂದಿಯಲ್ಲಿ, "ತಬಿಯತ್ ಠೀಕ್ ಹೈ ನಾ, ಮೂರ್ತಿಭಾಯ್? ಹಣ ಬರಲಿಲ್ಲ, ಆಸ್ಪತ್ರೆಗೇನಾದರೂ ಸೇರಿದಿರೇನೋ ಅಂತ ಓಡಿ ಬಂದೆ," ಎಂದರು. ಜಗಳ ಬಿಟ್ಟು ಅವರಿಗೆ ಕುರ್ಚಿ ಎಳೆದು ಕೊಟ್ಟೆ.

ಸುಮಾ ಅವರನ್ನು ಒಲೆಯ ಮುಂದೆ ಕರೆದೊಯ್ದು ನಿಲ್ಲಿಸಿದಳು. ಬೋಳುತಲೆಯ ಮೇಲೆ ಎರಡು ಹನಿ ಬಿದ್ದವು. ಅವರು ಮೇಲೆ ನೋಡಿದರು. ಮೂರನೆಯದು ಕನ್ನಡಕದ ಮೇಲೆ ಬಿತ್ತು.

"ಬಾಡಿಗೆ ತಾನಾಗಿ ಬರುತ್ತಿತ್ತು," ಎಂದರು, ಕನ್ನಡಕ ಒರೆಸಿಕೊಳ್ಳುತ್ತ. "ಮನೆಯೂ ತಾನಾಗಿ ನಡೆಯುತ್ತಿದೆ ಅಂದುಕೊಂಡೆ."

ನನಗೆ ನಾಚಿಕೆಯಾಯಿತು. ಅವರ ಮಂಡಿನೋವು ಹೇಗಿದೆ ಎಂದು ನಾನೂ ಕೇಳಿ ವರ್ಷದ ಮೇಲಾಗಿತ್ತು. ಮಧ್ಯಾಹ್ನವೇ ಪ್ಲಂಬರ್ ಬಂದ. ಸುಮಾ ಖಾಲಿ ಮನೆಗಳ ಮಾತು ಬಿಟ್ಟಳು.

ಆಟೋ ಡೆಬಿಟ್ ಮತ್ತೆ ಶುರು ಮಾಡಿಸಿದೆ, ನೂರು ರೂಪಾಯಿ ಕಡಿಮೆಗೆ. ಆ ನೂರನ್ನು ಒಂದನೇ ತಾರೀಖು ನಾನೇ ಒಯ್ಯುತ್ತೇನೆ. ಎರಡು ತಿಂಗಳು ಸುಮ್ಮನಿದ್ದ ರಸಿಕ್‌ಭಾಯ್ ಮೂರನೆಯ ತಿಂಗಳು ಬಾಯಿಬಿಟ್ಟರು. "ಮೂರ್ತಿಭಾಯ್, ನೀವು ಬಂದಾಗ ತಿನ್ನುವ ಕಡಲೆಹಿಟ್ಟಿನ ಗಾಠಿಯಾಗೇ ನನಗೆ ನೂರಿಪ್ಪತ್ತು ಬೀಳುತ್ತೆ. ಈ ನೂರನ್ನೂ ಬ್ಯಾಂಕಿಗೇ ಹಾಕಿಬಿಡಿ. ಬರಿಗೈಯಲ್ಲಿ ಬನ್ನಿ. ಆದರೆ ಬನ್ನಿ."

ಅವರ ಮಾತನ್ನು ಪೂರ್ತಿ ನಂಬುತ್ತೇನೆ. ನೂರು ರೂಪಾಯಿಯನ್ನು ಮಾತ್ರ ಈಗಲೂ ನಾನೇ ಒಯ್ಯುತ್ತೇನೆ.