ಬರುವ ವರ್ಷ ಮಡಿಕೆಯ ಒಳಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಟೇಶ್ವರದ ಪೇಟೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ದೀಪ ಕಾಣುವುದು ಎರಡೇ ಕಡೆ: ಹಾಲಿನ ಡೈರಿ ಮತ್ತು ಗುಲಾಬಕ್ಕನ ಹೊಲಿಗೆ ಅಂಗಡಿ. ಹಾಲಿನವರಿಗೆ ಇದು ದಿನದ ಪಾಡು. ಗುಲಾಬಕ್ಕ ಮಾತ್ರ ಇವತ್ತು ಮುಂಬೈ ರೈಲಿಗಾಗಿ ಕಾಯುತ್ತಿದ್ದಾರೆ. ರೈಲಿನಲ್ಲಿ ಬರುತ್ತಿರುವುದು ಏಳು ವರ್ಷದ ಪ್ರಜ್ಞಾ. ಅವಳ ಲಂಗ ರವಿಕೆ ಗುಲಾಬಕ್ಕನ ಮಡಿಲಲ್ಲಿದೆ. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಸದ್ಯಕ್ಕೆ ಹಿಡಿದು ನಿಲ್ಲಿಸಿದ್ದಾರೆ, ಅಷ್ಟೆ.

ಬಟ್ಟೆ ಅಜ್ಜಿಯ ಮದುವೆ ಸೀರೆಯದು. ಆ ಅಜ್ಜಿ, ಓಣಿಯ ಕೊನೆಯ ಮನೆಯ ಬಾಗಿಯಮ್ಮ, ಕೆಂಪಂಚಿನ ಆ ಹಸಿರು ಸೀರೆಯನ್ನು ತಾವೇ ತಂದು ಕೊಟ್ಟು, ಕಿರಿಮಗಳ ಮದುವೆಯಲ್ಲಿ ಮೊಮ್ಮಗಳು ಇದರ ಲಂಗ ಹಾಕಿಕೊಂಡು ಮದುಮಗಳ ಮುಂದೆ ಕಳಶ ಹಿಡಿದು ನಡೆಯಬೇಕು ಎಂದಿದ್ದರು. ಮದುವೆ ಇವತ್ತೇ, ಬೈಂದೂರಿನ ಹಾಲ್‌ನಲ್ಲಿ. ಆದರೆ ಲಂಗ ಹಾಕುವುದೇ ಇಲ್ಲ ಎಂದು ಪ್ರಜ್ಞಾ ಫೋನಿನಲ್ಲೇ ಸಾರಿಬಿಟ್ಟಿದ್ದಾಳೆ. ಹೋದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಲಂಗದ ಲಾಡಿ ಸಡಿಲವಾಗಿ, ಅಂಚು ಕಾಲಿಗೆ ಸಿಕ್ಕಿ, ವೇದಿಕೆಯ ಮೇಲೆ ಬಿದ್ದಿದ್ದಳು. ನಕ್ಕವರ ಮುಖಗಳನ್ನು ಮಗು ಮರೆತಿಲ್ಲ. ಕತ್ತರಿಸಿದ ಸೀರೆಗೆ ಬದಲಿಯಿಲ್ಲ, ಹೆದರಿದ ಮಗುವಿಗೆ ಬಲವಂತ ಮಾಡುವಂತಿಲ್ಲ. ಗುಲಾಬಕ್ಕನಿಗೆ ನಿದ್ದೆಯೇ ಸರಿಯಾಗಿ ಹತ್ತಲಿಲ್ಲವಂತೆ.

ಕುಂದಾಪುರದ ಸುತ್ತಮುತ್ತ ಹೊಲಿಯುವವರಿಗೇನೂ ಬರವಿಲ್ಲ. ಮದುಮಗಳ ರವಿಕೆಗೆ ಮಣಿ ಕೂರಿಸುವ ಅಂಗಡಿಗಳಲ್ಲಿ ಈಗ ಎಸಿಯೂ ಇದೆ. ಮಕ್ಕಳ ಬಟ್ಟೆ ಎಂದರೆ ಮಾತ್ರ ಹೆಚ್ಚಿನವರು ಮೂಗು ಮುರಿಯುತ್ತಾರೆ. ಬಟ್ಟೆ ಚೋಟುದ್ದ, ಕೆಲಸ ಮಾರುದ್ದ, ಗಿರಾಕಿಯೋ ಅರೆಗಳಿಗೆ ನಿಂತಲ್ಲಿ ನಿಲ್ಲುವುದಿಲ್ಲ. ಅಂಥ ಗಿರಾಕಿಗಳೆಲ್ಲ ಬರುವುದು ಗುಲಾಬಕ್ಕನ ಬಳಿಗೆ. ಅಷ್ಟಮಿಗೆ ಪುಟ್ಟ ಕೃಷ್ಣರ ಕಚ್ಚೆ, ಚೌತಿಗೆ ಜರಿ ಲಂಗ, ಉಪನಯನದ ದಿನಗಳಲ್ಲಿ ಜುಬ್ಬಾ. ಬ್ರಹ್ಮಾವರದಿಂದಲೂ ಬಸ್ಸು ಹತ್ತಿ ಮಕ್ಕಳನ್ನು ಕರೆತರುತ್ತಾರೆ.

ಅಂಗಡಿಯ ಕನ್ನಡಿಯನ್ನು ತೂಗುಹಾಕಿರುವುದು ಮಕ್ಕಳ ಎತ್ತರಕ್ಕೆ. ದೊಡ್ಡವರು ತಲೆ ಬಾಚಿಕೊಳ್ಳಬೇಕೆಂದರೆ ಮಂಡಿಯೂರಬೇಕು. ಬಟ್ಟೆ ಹಾಕಿಕೊಳ್ಳುವವರಿಗೆ ಕಾಣುವಂತಿದ್ದರೆ ಸಾಕು ಎಂಬುದು ಗುಲಾಬಕ್ಕನ ವಾದ.

ಅವರು ಈ ಕೆಲಸಕ್ಕೆ ಬಿದ್ದದ್ದು ಕೈಯ ಕಪ್ಪಿನಿಂದ. ಹರೆಯದಲ್ಲಿ ಹಗಲು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವುದು, ಸಂಜೆ ಸೋದರತ್ತೆ ನಾಗು ಅವರ ಬಳಿ ಹೊಲಿಗೆ ಕಲಿಯುವುದು. ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿಗಳು ಸುಟ್ಟು ಕಪ್ಪಾಗಿರುತ್ತಿದ್ದವು. ಗಿರಾಕಿಗಳ ಬಟ್ಟೆಗೆ ಕಲೆ ಹತ್ತೀತೆಂದು ಅತ್ತೆ ಮುಟ್ಟಗೊಡುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದುದು ಕಪ್ಪು, ನೀಲಿ, ಕಂದು ಬಣ್ಣದ ಚೂರುಗಳು ಮಾತ್ರ. ಚೂರುಗಳಲ್ಲಿ ದೊಡ್ಡವರ ಬಟ್ಟೆ ಆಗುತ್ತದೆಯೇ? ನೆರೆಮನೆಯ ಮಕ್ಕಳಿಗೆ ಹೊಲಿದರು. ಬೆರಳಿನ ಕಪ್ಪು ಎಂದೋ ಹೋಯಿತು, ಮಕ್ಕಳು ಮಾತ್ರ ಬಿಟ್ಟು ಹೋಗಲಿಲ್ಲ.

ಅದಕ್ಕಿಂತ ಹಳೆಯ ಕಾರಣವೂ ಒಂದಿದೆ. ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳು, ಗುಲಾಬಕ್ಕ ಕೊನೆಯವರು. ಅಕ್ಕಂದಿರನ್ನೆಲ್ಲ ದಾಟಿ ಲಂಗ ಇವರ ಪಾಲಿಗೆ ಬರುತ್ತಿತ್ತು. ಮೊದಲು ನೆಲ ಗುಡಿಸುವಷ್ಟು ಉದ್ದ, ಸೊಂಟಕ್ಕೆ ಪಿನ್ನು. ಅದನ್ನು ಹೇಳುವಾಗ ಅವರು ನಗುತ್ತಾರೆ, ಕೇಳುವವರಿಗೆ ನಗು ಬರುವುದಿಲ್ಲ. "ನಂಗ್ ಸಮ ಆಪತಿಗೆ ಅದ್ ಹರ್ದೇ ಹೋತಿತ್ತ್" ಎನ್ನುತ್ತಾರೆ. ಮೈಗೆ ಸರಿಹೊಂದುವ ಹೊತ್ತಿಗೆ ಲಂಗವೇ ಉಳಿಯುತ್ತಿರಲಿಲ್ಲ.

ಆಟೊ ಬಂದು ನಿಲ್ಲುತ್ತದೆ. ನಿದ್ದೆಗಣ್ಣಿನ ಪ್ರಜ್ಞಾ, ಅವಳ ತಾಯಿ ಸ್ನೇಹಲತಾ, ಹಿಂದೆಯೇ ಓಣಿಯಲ್ಲಿ ಏದುಸಿರು ಬಿಡುತ್ತ ಬಾಗಿಯಮ್ಮ. ಗುಲಾಬಕ್ಕ ಟೇಪು ಮುಟ್ಟುವುದಿಲ್ಲ. ಮದುವೆಯ ಸುದ್ದಿ ಎತ್ತುವುದಿಲ್ಲ. ಇದನ್ನು ಹೊಲಿದವಳು ನಾನು, ಸರಿಯಾಗಿದೆಯೋ ಇಲ್ಲವೋ ಹೇಳಬೇಕಾದವಳು ನೀನು ಎಂದು ಮಗುವಿಗೇ ಕೆಲಸ ಹಚ್ಚುತ್ತಾರೆ. ಪ್ರಜ್ಞಾ ಮುಖ ಊದಿಸಿಕೊಂಡೇ ರವಿಕೆ ತೊಟ್ಟು, ಕಂಕುಳಲ್ಲಿ ಚುಚ್ಚುತ್ತದೆ ಎಂದು ಗೊಣಗುತ್ತ ಲಂಗದೊಳಗೆ ಇಳಿಯುತ್ತಾಳೆ.

ಗುಲಾಬಕ್ಕ ಅಳೆಯುವುದು ಹೀಗೆಯೇ. ಮಗು ಚಕ್ಕಳಮಕ್ಕಳ ಹಾಕಿ ಕೂರಬೇಕು, ಎಲೆಯ ಮುಂದೆ ಕೂತಂತೆ ಬಗ್ಗಬೇಕು, ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಬೇಕು. ಇವತ್ತು ಜೊತೆಗೆ ಒಂದು ಚೊಂಬು ನೀರೂ ಇದೆ. ಪ್ರಜ್ಞಾ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಟ್ಟವಳೇ ಅಂಚು ತುಳಿದು ಮುಗ್ಗರಿಸುತ್ತಾಳೆ. ನೀರು ನೆಲಕ್ಕೆ. ಅವಳು ಚೊಂಬು ಕೆಳಗಿಟ್ಟು ಲಂಗದ ಲಾಡಿ ಬಿಚ್ಚಲು ಹೊರಡುತ್ತಾಳೆ.

ಉದ್ದ ಹೆಚ್ಚಾದದ್ದು ಹೇಗೆ? ವಿಚಾರಿಸಿದರೆ ನಗೆಯೇ ಬರುತ್ತದೆ. ಮುಂಬೈಯಲ್ಲಿ ಅಳೆಯುವಾಗ ಸ್ನೇಹಲತಾ, ಬೆಳೆಯುವ ಮಗು ಎಂದು ಎರಡು ಬೆರಳು ಸೇರಿಸಿದ್ದರು. ಆ ಅಳತೆಯನ್ನು ಇಲ್ಲಿಗೆ ಮುಟ್ಟಿಸುವಾಗ ಬಾಗಿಯಮ್ಮ, ಬೆಳೆಯುವ ಮಗು ಎಂದು ಇನ್ನೆರಡು ಬೆರಳು ಸೇರಿಸಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಊರ ತಾಯಂದಿರ, ಅಜ್ಜಿಯಂದಿರ ಈ ಬೆರಳುಗಳು ಗುಲಾಬಕ್ಕನಿಗೆ ಚೆನ್ನಾಗಿ ಗೊತ್ತು. ಮೊದಮೊದಲು ತಾವೂ ಎರಡು ಸೇರಿಸಿ ಎಷ್ಟೋ ಮಕ್ಕಳನ್ನು ಬಟ್ಟೆಯಲ್ಲಿ ಮುಳುಗಿಸಿದ್ದರು. ಮಗುವಿನ ಮೈಮೇಲೆ ಕಣ್ಣಾರೆ ಕಾಣುವವರೆಗೂ ಕಚ್ಚಾ ಹೊಲಿಗೆಯಲ್ಲೇ ನಿಲ್ಲಿಸುವುದು ಅದಕ್ಕೇ.

ಬಾಗಿಯಮ್ಮ ಅಷ್ಟಕ್ಕೇ ಸೋಲುವವರಲ್ಲ. ಸೊಂಟದಲ್ಲಿ ಒಂದು ಸುತ್ತು ಸುತ್ತಿ ಲಾಡಿ ಬಿಗಿದರಾಯಿತು, ದೀಪಾವಳಿಗೂ ಆದೀತು ಎನ್ನುತ್ತಾರೆ.

"ಬೆಳು ಹೆಣ್ಣ್ ಅಲ್ದಾ ಗುಲಾಬಿ, ಒಂಚೂರ್ ದೊಡ್ಡದೇ ಇರ್ಲಿ."

"ಮಕ್ಳ್ ಹಾಯ್ಕಂಬುದ್ ಇವತ್ತ್, ಬಾಗಿಯಮ್ಮ. ಬಪ್ಪ ವರ್ಷದ್ದ್ ಮಡ್ಕಿ ಒಳ್ಗ್ ಇರ್ಲಿ."

ಹೇಳಿದವರೇ ಕಚ್ಚಾ ಹೊಲಿಗೆ ಬಿಚ್ಚಲು ಕತ್ತರಿ ಎತ್ತಿಕೊಳ್ಳುತ್ತಾರೆ. ಸೀರೆಯ ಒಂದು ಎಳೆಯನ್ನೂ ಕತ್ತರಿಸಿ ಎಸೆಯುವುದಿಲ್ಲ. ಹೆಚ್ಚಿನ ಉದ್ದವೆಲ್ಲ ಅಂಚಿನ ಹಿಂದೆ ಒಳಮಡಿಕೆಗಳಾಗಿ ಕೂರುತ್ತದೆ, ಮಗು ಬೆಳೆದಂತೆ ಒಂದೊಂದೇ ಬಿಚ್ಚಬಹುದು. ಕಂಕುಳಲ್ಲಿ ಜರಿ ಚುಚ್ಚುತ್ತದೆ ಎಂದು ಪ್ರಜ್ಞಾ ಗೊಣಗಿದಳಲ್ಲ, ಅಲ್ಲಿಗೆ ಹಳೆಯ ಪಂಚೆಯ ಮೆತ್ತನೆಯ ತುಂಡು. ಇನ್ನು ಲಾಡಿ. ಅದನ್ನು ಎಳೆದು ತೆಗೆದೇ ಬಿಡುತ್ತಾರೆ. ಲಂಗದ ಮೇಲ್ತುದಿಗೆ ತೋಳಿಲ್ಲದ ಹತ್ತಿಯ ಬಾಡಿಯೊಂದನ್ನು ಸೇರಿಸಿ ಹೊಲಿಯುತ್ತಾರೆ, ಅದರ ಮೇಲೆ ರವಿಕೆ. ಈಗ ಲಂಗ ನಿಂತಿರುವುದು ಸೊಂಟದ ಗಂಟಿನ ಮೇಲಲ್ಲ, ಹೆಗಲ ಮೇಲೆ. ಮೆಷಿನು ತುಳಿಯುವ ಕಾಲು ಎಲ್ಲೂ ಅವಸರ ಮಾಡುವುದಿಲ್ಲ. ಬಾಗಿಲಲ್ಲಿ ಆಟೊದವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ.

ಪ್ರಜ್ಞಾ ಮತ್ತೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಕಣ್ಣು ಮಾತ್ರ ಅಂಚಿನ ಮೇಲೇ ಇದೆ.

"ಬಿದ್ರೆ?" ಎಂದು ಸಣ್ಣಗೆ ಕೇಳುತ್ತಾಳೆ.

ಬೀಳುವುದಿಲ್ಲ ಎಂದು ಗುಲಾಬಕ್ಕ ಮಾತು ಕೊಡುವುದಿಲ್ಲ. "ಹಾರ್ ಕಾಂಬ" ಎನ್ನುತ್ತಾರೆ.

ಮಗು ಅಳುಕುತ್ತ ಒಮ್ಮೆ ಹಾರುತ್ತದೆ. ಲಂಗ ಜಗ್ಗುವುದಿಲ್ಲ. ಇನ್ನೊಮ್ಮೆ, ಸ್ವಲ್ಪ ಮೇಲಕ್ಕೆ. ಆಮೇಲೆ ಯಾರೂ ಹೇಳದೆಯೇ ಮೆಟ್ಟಿಲಿಂದ ಓಣಿಗೆ, ಓಣಿಯಿಂದ ಆಟೊದೊಳಕ್ಕೆ. ಬಾಗಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಆದರೂ ಇನ್ನೊಂಚೂರು ಉದ್ದ ಇರಬಹುದಿತ್ತು ಎಂದೇ ಹತ್ತುತ್ತಾರೆ.

ಹೊಲಿದ ಬಟ್ಟೆ ಯಾವ ಮದುವೆಯಲ್ಲಿ ಹೇಗೆ ಕಂಡಿತೆಂದು ಗುಲಾಬಕ್ಕನಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಮುಹೂರ್ತದ ದಿನಗಳಲ್ಲಿ ಅಂಗಡಿ ಬಿಟ್ಟು ಕದಲಲಾಗುವುದಿಲ್ಲ. ಒಂದಾದರೂ ಮಗು ತಾವು ಹೊಲಿದದ್ದನ್ನು ಹಾಕಿಕೊಂಡು ಜನರ ನಡುವೆ ಓಡಾಡುವುದನ್ನು ಕಾಣಬೇಕೆಂಬ ಆಸೆಯಿದೆ. ಅದನ್ನೂ ಕೇಳಿದರೆ ಮಾತ್ರ ಹೇಳುತ್ತಾರೆ.

ಊಟದ ಹೊತ್ತಿಗೆ ಫೋನಿಗೆ ಬೈಂದೂರಿನಿಂದ ಒಂದು ಫೋಟೊ ಬರುತ್ತದೆ. ವಾಲಗದವರ ಹಿಂದೆ, ಮದುಮಗಳ ಮುಂದೆ, ಕಳಶ ಹಿಡಿದ ಪ್ರಜ್ಞಾ. ಗುಲಾಬಕ್ಕ ಕೈ ಒರೆಸಿಕೊಂಡು ಫೋಟೊ ದೊಡ್ಡದು ಮಾಡುತ್ತಾರೆ. ಅಂಚನ್ನು ನೋಡುವುದಿಲ್ಲ, ರವಿಕೆಯನ್ನೂ ನೋಡುವುದಿಲ್ಲ. ಮಗುವಿನ ಮುಖವನ್ನಷ್ಟೇ ಬಹಳ ಹೊತ್ತು ನೋಡುತ್ತಾರೆ. ಪ್ರಜ್ಞಾ ಕಾಲಿನತ್ತ ಬಗ್ಗಿ ನೋಡದೆ, ಗದ್ದ ಎತ್ತಿ, ಎದುರಿಗೆ ನೋಡಿಕೊಂಡು ನಡೆಯುತ್ತಿದ್ದಾಳೆ.

"ಕಾಲ್ ಬುಡ ಕಾಂತಾ ಇಲ್ಲೆ, ಕಾಣಿ" ಎನ್ನುತ್ತಾರೆ ಗುಲಾಬಕ್ಕ. "ಸಮ ಆಯ್ತ್."