ಪರಾತದಲ್ಲಿ ಕಲಸಿದ ಮೆಂತ್ಯದ ಪುಡಿ

ಮೆಂತ್ಯ ಹುರಿಯುವ ವಾಸನೆ ಬಂದರೆ ನಿಮಗೆ ಉಪ್ಪಿನಕಾಯಿ ನೆನಪಾಗಬಹುದು. ನನಗೆ ತಮ್ಮನ ಕಾಲು ಕಣ್ಣಿಗೆ ಕಟ್ಟುತ್ತದೆ. ಇವತ್ತು ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಹುರಿಯುತ್ತಿದ್ದವಳು ಅವನ ಮಗಳು ಗಂಗಾ. ಅಥಣಿ ರಸ್ತೆಯ ನಮ್ಮ ಮನೆಗೆ ನಿನ್ನೆ ಬಂದಿದ್ದಾಳೆ. ಅವಳಿಗೂ ಈಗ ಸಕ್ಕರೆ ಬೇನೆ.

ನಾನು ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಪರೀಕ್ಷೆ ಎಂದರೆ ಪಾಸು, ನಪಾಸು ಎರಡೇ ಎಂದು ತಿಳಿದಿದ್ದೆ. ಎಪ್ಪತ್ತರ ದಶಕದಲ್ಲಿ, ವಿಜಯಪುರವನ್ನು ನಾವೆಲ್ಲ ವಿಜಾಪುರ ಎನ್ನುತ್ತಿದ್ದಾಗ, ಅಲ್ಲಿಂದ ಡಾಕ್ಟರೊಬ್ಬರು ನಮ್ಮೂರು ತಿಕೋಟಾಕ್ಕೆ ಬರುತ್ತಿದ್ದರು. ಮೆಂತ್ಯ ತಿಂದರೆ ಸಕ್ಕರೆ ಇಳಿಯುತ್ತದೆ ಎಂದು ಊರೆಲ್ಲ ಹೇಳುತ್ತದಲ್ಲ, ಅದು ಖರೆಯೋ ಸುಳ್ಳೋ ನೋಡಬೇಕೆಂದು ಬೇನೆಯವರಿಗೆ ಪುಡಿಯ ಪೊಟ್ಟಣ ಹಂಚಿದರು. ಕೆಲವರಿಗೆ ಮೆಂತ್ಯ, ಕೆಲವರಿಗೆ ಬರೀ ಕಹಿ ಹಿಟ್ಟು. ಯಾರಿಗೆ ಯಾವುದೆಂದು ಹೇಳಲಿಲ್ಲ; ಆಮೇಲೆ ಎರಡೂ ಗುಂಪಿನವರನ್ನು ಹೋಲಿಸಿ ನೋಡುವುದಿತ್ತು. ಗುಳಿಗೆ ಬಿಡಬೇಡಿ, ಬೆಲ್ಲ ಮುಟ್ಟಬೇಡಿ, ನಿಮ್ಮ ಪೊಟ್ಟಣ ನೀವೇ ತಿನ್ನಿ ಎಂದು ಕೈಮುಗಿದು ಕೇಳಿಕೊಂಡರು.

ನನಗೂ ಬೇನೆ, ತಮ್ಮನಿಗೂ ಬೇನೆ. ನನ್ನದಕ್ಕೆ ಕೆಂಪು ದಾರ, ಅವನದಕ್ಕೆ ಬಿಳಿ. ಬಿಚ್ಚಿ ಮೂಸಿದೆವು. ನನ್ನದು ಘಮ್ಮೆಂದಿತು.

"ಏನಬೇ ಅಕ್ಕಾ, ನಿನಗ ಔಷಧ, ನನಗ ಎಮ್ಮಿಗಿ ಹಾಕೂ ಬೂಸಾ ಕೊಟ್ಟಾರಲ್ಲ!" ಎಂದು ತಮ್ಮ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮವ್ವ ಇದ್ದಾಗ ಹೊಲದಿಂದ ಸೌತೆಕಾಯಿ ಬರಲಿ, ಬೀಗರ ಮನೆಯಿಂದ ಉಂಡಿ ಬರಲಿ, ಎಲ್ಲ ಪರಾತವೆಂಬ ಅಗಲ ತಟ್ಟೆಗೆ ಸುರಿದು ಸಮಪಾಲು ಮಾಡುತ್ತಿದ್ದಳು. "ಒಂದ ಹೊಟ್ಟ್ಯಾಗ ಹುಟ್ಟಿದವ್ರಿಗೆ ಎರಡ ನಮೂನಿ ತಿನಿಸೇನ?" ಎನ್ನುತ್ತಿದ್ದಳು. ನಾನೂ ಎರಡು ಪೊಟ್ಟಣ ಪರಾತಕ್ಕೆ ಸುರಿದೆ, ಕಲಸಿದೆ, ಪಾಲು ಮಾಡಿ ಮತ್ತೆ ದಾರ ಕಟ್ಟಿದೆ. ಪುಣ್ಯ ಕಟ್ಟಿಕೊಂಡ ಹಿಗ್ಗು ಬೇರೆ. ಆ ಹಿಗ್ಗಿನಲ್ಲಿ ಓಣಿಯವರಿಗೂ ಹೇಳಿದೆ. ಅವರೂ ಕಲಸಿದರು.

ಡಾಕ್ಟರು ಮತ್ತೆ ಬಂದಾಗ ಎಲ್ಲರ ಮೂತ್ರವನ್ನು ನೀಲಿ ಔಷಧಕ್ಕೆ ಹಾಕಿ ಕಾಸಿ ನೋಡಿದರು. ಸಕ್ಕರೆ ಬಹಳಿದ್ದರೆ ಅದು ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಈಗ ಬಹಳಷ್ಟು ಜನರದು ಹಸಿರಿಗೆ ಇಳಿದಿತ್ತು, ಕೆಂಪು ದಾರದವರದೂ ಬಿಳಿ ದಾರದವರದೂ.

"ನಿಮ್ಮ ಪಾಲಿಂದು ನೀವ ತಿಂದೀರಿ, ಹೌದಲ್ರಿ?" ಎಂದು ನನ್ನನ್ನು ಕೇಳಿದರು.

"ಹೌದ್ರಿ ಸಾಹೇಬ್ರ."

"ಹಂಗಾದ್ರ ಇದರಾಗ ಮೆಂತ್ಯೆದ್ದು ಏನೂ ಕಾಣವಲ್ದು. ಬೆಲ್ಲ ಬಿಟ್ಟಿದ್ದಕ್ಕ ಇಳದಿರಬೇಕು" ಎಂದು ಚೀಲ ಕಟ್ಟಿದರು.

ತಮ್ಮ ಆ ಮಾತು ಕೇಳಿಸಿಕೊಳ್ಳಲಿಲ್ಲ. ಹಸಿರು ಬಣ್ಣ ಕಂಡವನೇ ಹೊರಗೆ ಓಡಿ ಕಟ್ಟೆಯ ಮೇಲಿದ್ದವರ ಮುಂದೆ ಕುಣಿಯುತ್ತಿದ್ದ. "ಅರ್ಧಾ ಪಾಲಿಗೇ ಇಷ್ಟ ಇಳದೈತಿ ಅಂದ್ರ, ಪೂರಾ ತಿಂದ್ರ ಬ್ಯಾನಿ ಊರ ಬಿಟ್ಟ ಓಡತೈತ್ರಿ!" ಎನ್ನುತ್ತಿದ್ದ. ಬಬಲೇಶ್ವರದಲ್ಲಿ ಹೊಲಿಗೆ ಅಂಗಡಿ ಹಾಕಲು ಹೋದವನು ಡಬ್ಬಿ ತುಂಬ ಮೆಂತ್ಯದ ಪುಡಿ ಒಯ್ದ. ಗುಳಿಗೆ ಬಿಟ್ಟ, ಬೆಲ್ಲದ ಚಹಾ ಮತ್ತೆ ಹಿಡಿದ. ಡಾಕ್ಟರು ಅಂದದ್ದನ್ನು ನಾನು ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು. ಹೇಳಿದರೆ ನನ್ನ ಸುಳ್ಳನ್ನೂ ಹೇಳಬೇಕು. ಮೇಲಾಗಿ ಓಣಿಯಲ್ಲಿ ನಾನು ಅಷ್ಟರಲ್ಲಿ 'ಮೆಂತ್ಯದ ಅಕ್ಕ' ಆಗಿದ್ದೆ. ಅರ್ಧ ವೈದ್ಯೆಯಾದವಳು ಮತ್ತೆ ಮೂರನೆಯ ಇಯತ್ತೆಯವಳಾಗಲು ಮನಸ್ಸು ಬರಲಿಲ್ಲ. ಇಂದು ನಾಳೆ ಎಂದು ದಿನ ತಳ್ಳಿದೆ.

ಚಪ್ಪಲಿ ಕಚ್ಚಿದ ಗಾಯ ಅವನಿಗೆ ಮಾಯಲಿಲ್ಲ. ಮೊದಲು ಬೆರಳು, ಆಮೇಲೆ ಪಾದವನ್ನೇ ತೆಗೆದರು. ಮಂಚದ ಮೇಲೆ ಮಲಗಿದ್ದವನು ನನ್ನ ಕೈ ಹಿಡಿದು, "ಅಕ್ಕಾ, ನಾನ ಪುಡಿ ಕಡಿಮಿ ತಿಂದ್ನೇನೋ" ಎಂದ. ನಾನು ಅವನಿಗೆ ಕೌದಿ ಹೊಚ್ಚಿದೆ. ಅದನ್ನೇ ನಂಬಿಕೊಂಡು ಹೋಗಿಬಿಟ್ಟ.

ಗಂಗಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಅತ್ತಿ, ಆಗ ಡಾಕ್ಟರೇ ಪರೀಕ್ಷಾ ಮಾಡಿ ನೋಡಿದ್ರಂತಲ್ರಿ? ಅಪ್ಪ ಹೇಳ್ತಿದ್ದ. ಇದನ್ನ ತಿಂದು ಗುಳಗಿ ಬಿಟ್ರ ನಡೀತೈತೇನ್ರಿ?"

"ಗುಳಗಿ ಬಿಡಬ್ಯಾಡವ್ವಾ!" ನನ್ನ ದನಿಗೆ ನಾನೇ ಬೆಚ್ಚಿದೆ. "ಮೆಂತ್ಯೆದಿಂದ ಇಳಿತೈತೋ ಇಲ್ಲೋ, ನನಗ ಗೊತ್ತಿಲ್ಲ. ಗೊತ್ತಾಗೂ ಹಾದಿ ಕೆಡಿಸಿದಾಕಿ ನಾನ." ಪರಾತ, ದಾರ, ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ.

ಒಳಗೆ ಮೆಂತ್ಯ ಸೀಯುತ್ತಿತ್ತು. ಅವಳು ಕದಲಲಿಲ್ಲ.

"ಇದನ್ನ ಅಪ್ಪಗ ಹೇಳಿದ್ರೇನ್ರಿ?"

"ಇಲ್ಲವ್ವಾ," ಎಂದೆ. "ನಿನಗ ಹೇಳಾಕತ್ತೇನಿ."